ಐವತ್ತು ಲಕ್ಷ ಅರವತ್ತು ಸಾವಿರ: ಕಲಬುರಗಿಯ ಒಂದು ಮನೆಗೆ ನಾವು ಹೇಳಿದ ಕೊನೆಯ ಬೆಲೆ

2025ರ ದೀಪಾವಳಿ ಮುಗಿದ ವಾರದಲ್ಲಿ ಅಕ್ಕ ಫೋನ್ ಮಾಡಿದಳು. "ತಮ್ಮಾ, ಮನಿ ಸಿಕ್ಕದ. ನೀ ಒಮ್ಮೆ ಬಂದು ನೋಡು" ಎಂದಳು. ದನಿ ಕೇಳಿದರೇ ತಿಳಿಯುತ್ತಿತ್ತು, ಮನಸ್ಸಿನಲ್ಲಿ ಅವಳು ಆಗಲೇ ಆ ಮನೆಯಲ್ಲಿ ಹಾಲು ಉಕ್ಕಿಸಿ ಆಗಿತ್ತು.

ಅಕ್ಕ, ಅವಳ ಗಂಡ ಅಂದರೆ ನಮ್ಮ ಮಾಮಾ, ಅವರ ಮಗಳು, ಮಾಮಾ ಅವರ ತಾಯಿ, ಒಟ್ಟು ನಾಲ್ಕು ಜನ. ಬ್ರಹ್ಮಪುರದ ಹತ್ತಿರ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿ 14 ವರ್ಷದಿಂದ ಇದ್ದಾರೆ. ಮಾಮಾ ಸರ್ಕಾರಿ ಹೈಸ್ಕೂಲ್ ಮಾಸ್ತರರು. ಅಕ್ಕ ಖಾಸಗಿ ಶಾಲೆಯಲ್ಲಿ ಕಲಿಸುತ್ತಾಳೆ. ಇಬ್ಬರ ಸಂಬಳ ಕೂಡಿ ತಿಂಗಳಿಗೆ 80 ಸಾವಿರದ ಸುತ್ತ ಕೈಗೆ ಬರುತ್ತದೆ. ಅತ್ತೆಯವರ ಮೊಣಕಾಲು ಹೋಗಿದೆ. ಎರಡು ವರ್ಷದಿಂದ ಅವರು ಮೆಟ್ಟಿಲು ಇಳಿದಿರುವುದು ದವಾಖಾನೆಗೆ ಹೋಗಲು ಮಾತ್ರ. ನೆಲದ ಮೇಲಿನ ಮನೆ ಬೇಕು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ.

ಮನೆ ಹಳೆ ಜೇವರ್ಗಿ ರಸ್ತೆ ಕಡೆಯ ಒಂದು ಕಾಲೊನಿಯಲ್ಲಿತ್ತು. 30–40ರ ಸೈಟು. 1998ರಲ್ಲಿ ಕಟ್ಟಿದ್ದು. ಕೆಳಗೆ ಎರಡು ಕೋಣೆ, ಪಡಸಾಲೆ, ಅಡುಗೆಮನೆ, ಮಾಳಿಗೆ ಮೇಲೆ ಒಂದು ಸಣ್ಣ ಕೋಣೆ. ಮುಂದೆ ಬೇವಿನ ಗಿಡ. ಒಳಗೆಲ್ಲ ಪಾಲಿಶ್ ಮಾಡಿದ ಶಹಾಬಾದ್ ಕಲ್ಲು. ಅಕ್ಕ ಚಪ್ಪಲಿ ಬಿಟ್ಟು ಪಡಸಾಲೆಯ ನಡುವೆ ಸುಮ್ನೆ ನಿಂತುಬಿಟ್ಟಳು. ಮೇ ತಿಂಗಳಲ್ಲಿ 42–43 ಡಿಗ್ರಿ ಕಾಯುವ ಊರಿನಲ್ಲಿ ಕಾಲಡಿಯ ತಂಪು ಕಲ್ಲು ಏನು ಅಂತ ನಮ್ಮವರಿಗೆ ಹೇಳಬೇಕಾಗಿಲ್ಲ. ಆ ಕಲ್ಲಿನ ಮೇಲೆ ಅವಳು ನಿಂತಿದ್ದನ್ನು ನೋಡಿದಾಗಲೇ ನನಗೆ ಸ್ವಲ್ಪ ಭಯ ಆಯಿತು. ಮನೆ ಮನಸ್ಸಿಗೆ ಹಿಡಿದ ಮೇಲೆ ಬೆಲೆ ಹಿಡಿತದಲ್ಲಿ ಇರುವುದಿಲ್ಲ.

ಮಾರುವವರು ಮೂವರು ಅಣ್ಣತಮ್ಮಂದಿರು ಮತ್ತು ಒಬ್ಬ ತಂಗಿ. ತಂದೆ ತೀರಿಕೊಂಡಿದ್ದರು. ತಂಗಿಯದೇನು ಸಂಬಂಧ, ಅಣ್ಣಂದಿರು ಸಹಿ ಮಾಡಿದರೆ ಸಾಕು ಅಂದ ದಲ್ಲಾಳಿ. ನಾನು ಒಪ್ಪಲಿಲ್ಲ. ತಂದೆ ಬಿಟ್ಟುಹೋದ ಆಸ್ತಿಯಲ್ಲಿ ಮಗಳಿಗೂ ಪಾಲಿದೆ. ಅವಳ ಸಹಿ ಇಲ್ಲದ ಖರೀದಿಗೆ ಬ್ಯಾಂಕಿನ ವಕೀಲರೂ ಹೂಂ ಅನ್ನುವುದಿಲ್ಲ. ಇ-ಖಾತಾ ನಾಲ್ವರ ಹೆಸರಿಗೂ ಆಗಿದೆಯಾ ಅಂತ ಮೊದಲು ನೋಡಿದೆವು. ಆಗಿತ್ತು. ಆಸ್ತಿಯ ಮೇಲೆ ಸಾಲ ಇದೆಯಾ ಅಂತ ತೋರಿಸುವ ಇ.ಸಿ. ತೆಗೆಸಿದೆವು, ಸಾಲ ಯಾವುದೂ ಇರಲಿಲ್ಲ. ಕಾಗದದ ವಿಷಯ ಇಷ್ಟಕ್ಕೇ ಬಿಡುತ್ತೇನೆ. ಕಾಗದ ಸರಿ ಇಲ್ಲದ ಮನೆಗೆ ಎಷ್ಟು ಕೊಡಬೇಕು ಅನ್ನುವ ಪ್ರಶ್ನೆಯೇ ಏಳುವುದಿಲ್ಲ, ಅಲ್ವಾ?

ಅವರು ಹೇಳಿದ ಬೆಲೆ 52 ಲಕ್ಷ. "50ಕ್ಕ ಕುಂದರ್ತದ ಸರ್, ಆದರ ಲಗೂನ ಮಾಡ್ರಿ, ಇನ್ನಾ ಎರಡು ಪಾರ್ಟಿ ಅವ" ಎಂದ ದಲ್ಲಾಳಿ.

ಈ "ಎರಡು ಪಾರ್ಟಿ" ಅನ್ನುವ ಮಾತು ಕೇಳಿದ ಗಳಿಗೆಯಿಂದ ಮನೆಯಲ್ಲಿ ಲೆಕ್ಕವೇ ಬದಲಾಯಿತು. ಅಲ್ಲಿಯವರೆಗೆ ಮಾಮಾ "ನಮ್ಮ ಕೈಲಿ ಎಷ್ಟಾಗ್ತದ" ಎಂದು ಕೇಳುತ್ತಿದ್ದರು. ಆಮೇಲೆ "ಅವರು ಎಷ್ಟು ಹೇಳ್ಯಾರ" ಎಂದು ಕೇಳತೊಡಗಿದರು. ಈ ಇಡೀ ಪ್ರಕರಣದಲ್ಲಿ ನಾನು ಕಂಡ ದೊಡ್ಡ ತಪ್ಪು ಅದು. ಎದುರಿನವನ ಅಂಕಿ ಅವನ ಜೇಬಿನಿಂದ ಬಂದದ್ದು. ಅವನಿಗೆ ಹೊಲ ಮಾರಿದ ದುಡ್ಡಿರಬಹುದು, ಮಗ ಬೆಂಗಳೂರಿನಿಂದ ಕಳಿಸುತ್ತಿರಬಹುದು. ಅದನ್ನು ನೋಡಿ ನಮ್ಮ ಅಂಕಿ ಏರಿಸುವುದು ಎಂದರೆ ಅವನ ಅಳತೆಯ ಅಂಗಿಯನ್ನು ನಾವು ಹೊಲಿಸಿಕೊಂಡ ಹಾಗೆ.

ನಾನು ಗಂಜಿನಲ್ಲಿ, ಅಂದರೆ ಊರಿನ ಕಾಳುಕಡಿ ಮಾರುಕಟ್ಟೆಯಲ್ಲಿ, ಒಂದು ಅಡತ್ (ಕಮಿಷನ್) ಅಂಗಡಿಯ ಲೆಕ್ಕ ಬರೆಯುವವನು. ತೊಗರಿ ಟೆಂಡರ್ ನೋಡಿ ನೋಡಿ ಒಂದು ಮಾತು ಕಲಿತಿದ್ದೇನೆ. ಹೊಸ ತೊಗರಿ ಬಂದಾಗ ಖರೀದಿದಾರರು ರಾಶಿಯಿಂದ ಒಂದು ಹಿಡಿ ಎತ್ತಿ, ಅಂಗೈ ಮೇಲೆ ಹರಡಿ, ಒಂದು ಕಾಳು ಹಲ್ಲಿಗೆ ಕೊಟ್ಟು ಕಟ್ ಅಂತ ಮುರಿಯುತ್ತಾರೆ. ಹಸಿ ಎಷ್ಟಿದೆ ಅಂತ ಅಂದಾಜು ಮಾಡುತ್ತಾರೆ. ಆಮೇಲೆ ತಮ್ಮ ತಮ್ಮ ಬೆಲೆ ಕಂಪ್ಯೂಟರಿಗೆ ಹಾಕುತ್ತಾರೆ. ಒಬ್ಬರದು ಒಬ್ಬರಿಗೆ ಕಾಣುವುದಿಲ್ಲ. ಐದು ಜನರಲ್ಲಿ ಹಸಿಯನ್ನು ಕಡಿಮೆ ಅಂದುಕೊಂಡವನು ಯಾರೋ ಅವನೇ ಹೆಚ್ಚು ಬೆಲೆ ಹಾಕುತ್ತಾನೆ. ಮಾಲು ಅವನಿಗೇ ಹೋಗುತ್ತದೆ. ಎರಡನೆಯವನಿಗಿಂತ 300 ರೂಪಾಯಿ ಜಾಸ್ತಿ ಹಾಕಿದ್ದೆ ಅಂತ ಗೊತ್ತಾದಾಗ ಅವನ ಮುಖ ನೋಡಬೇಕು. ಗೆದ್ದವನ ಮುಖದ ಹಾಗೆ ಇರುವುದಿಲ್ಲ.

ಇದನ್ನು ಅಮೆರಿಕದ ಮೂವರು ತೈಲ ಇಂಜಿನಿಯರರು, ಕಾಪೆನ್, ಕ್ಲಾಪ್ ಮತ್ತು ಕ್ಯಾಂಪ್‌ಬೆಲ್, 1971ರಲ್ಲೇ ಬರೆದು ತೋರಿಸಿದ್ದರು. ಮೆಕ್ಸಿಕೊ ಕೊಲ್ಲಿಯ ತೈಲ ಜಾಗಗಳಿಗೆ ಕಂಪನಿಗಳು ಮುಚ್ಚಿದ ಲಕೋಟೆಯಲ್ಲಿ ಬೆಲೆ ಹೇಳುತ್ತಿದ್ದವು. ಒಳಗೆ ಎಷ್ಟು ಎಣ್ಣೆ ಇದೆ ಎಂದು ಎಲ್ಲರದೂ ಅಂದಾಜೇ. ಅಂದಾಜು ಅತಿಯಾಗಿ ಹಾಕಿದವನಿಗೇ ಜಾಗ ಸಿಗುತ್ತಿತ್ತು, ಲಾಭ ಮಾತ್ರ ಎಣಿಸಿದಷ್ಟು ಬರುತ್ತಿರಲಿಲ್ಲ. ಸ್ಪರ್ಧೆಗೆ ಇಳಿಯುವವರು ಜಾಸ್ತಿ ಆದಷ್ಟೂ ಕೈ ಇನ್ನಷ್ಟು ಹಿಡಿಯಬೇಕು ಅಂದರು ಅವರು. ನಮ್ಮ ಬುದ್ಧಿ ಸರಿಯಾಗಿ ಇದಕ್ಕೆ ಉಲ್ಟಾ ಓಡುತ್ತದೆ. ಜನ ಜಾಸ್ತಿ ಆದಷ್ಟೂ ಕೈ ಸಡಿಲಾಗುತ್ತದೆ.

ಹಾಗಾಗಿ ಮೊದಲು ಮನೆಯ ಬೆಲೆಯನ್ನು ಮನೆಯಿಂದಲೇ ತೆಗೆಯೋಣ ಎಂದು ಕೂತೆವು. ಬ್ಯಾಂಕಿನ ಪಟ್ಟಿಯಲ್ಲಿರುವ ಒಬ್ಬ ಇಂಜಿನಿಯರರಿಗೆ ಫೀಸು ಕೊಟ್ಟು ಕರೆದುಕೊಂಡು ಹೋದೆವು. ಅವರ ಲೆಕ್ಕ ಸರಳವಾಗಿತ್ತು. ಆ ಬೀದಿಯಲ್ಲಿ ಈಚೆಗೆ ಆದ ಖರೀದಿಗಳನ್ನು ನೋಡಿ ಚದರಡಿಗೆ 3,000 ಹಿಡಿದರು. 1,200 ಚದರಡಿಗೆ 36 ಲಕ್ಷ. ಕಟ್ಟಡ 950 ಚದರಡಿ, ಅಂಥದ್ದನ್ನು ಇವತ್ತು ಕಟ್ಟಿದರೆ 1,800ರಂತೆ 17 ಲಕ್ಷ 10 ಸಾವಿರ. ಆದರೆ ಅದಕ್ಕೆ 27 ವರ್ಷ ವಯಸ್ಸು. ಆಯುಷ್ಯ 60 ವರ್ಷ, ಅದು ಮುಗಿದ ಮೇಲೂ ಶೇ 10ರಷ್ಟು ಬೆಲೆ ಉಳಿಯುತ್ತದೆ ಅಂತ ಹಿಡಿದು ಸವಕಳಿ ಕಳೆದರೆ ಉಳಿಯುವುದು 10 ಲಕ್ಷ ಚಿಲ್ಲರೆ. ಎರಡೂ ಕೂಡಿ 46 ಲಕ್ಷ.

ಪಡುವಣ ಕೋಣೆಯಲ್ಲಿ ಅವರು ಜಾಸ್ತಿ ಹೊತ್ತು ನಿಂತರು. ಕಿಟಕಿಯ ಮೂಲೆಯಿಂದ ಓರೆಯಾಗಿ ಕೆಳಗೆ ಇಳಿದ ಒಂದು ಬಿರುಕಿತ್ತು. ಮೇಲೆ ಹೊಸದಾಗಿ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು. ಅವರು ಕೀಲಿಕೈಯ ತುದಿಯಿಂದ ಕೆರೆದಾಗ ಪುಟ್ಟಿ ಪುಡಿಯಾಗಿ ಉದುರಿತು, ಒಳಗೆ ಕಪ್ಪು ಗೆರೆ ಕಂಡಿತು. ಅಕ್ಕ ತಲೆಯಿಂದ ಹೇರ್‌ಪಿನ್ ತೆಗೆದು ತೂರಿಸಿದಳು. ಅರ್ಧ ಹೋಯಿತು. ನಮ್ಮದು ಎರೆಮಣ್ಣಿನ ಊರು. ಮಳೆಗಾಲದಲ್ಲಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಸೆಟೆದು ಬಾಯಿ ಬಿಡುತ್ತದೆ. ಪಾಯ ಸಾಕಷ್ಟು ಆಳಕ್ಕೆ ಹೋಗಿರದಿದ್ದರೆ ಗೋಡೆಯೂ ಅದರ ಜೊತೆ ಆಡುತ್ತದೆ. ಬಿರುಕಿನ ಮೇಲೆ ಗಾಜಿನ ಪಟ್ಟಿ ಅಂಟಿಸಿ ಒಂದು ಮಳೆ, ಒಂದು ಬೇಸಿಗೆ ನೋಡಿದರೆ ಅದು ಇನ್ನೂ ಸರಿಯುತ್ತಿದೆಯೋ ನಿಂತಿದೆಯೋ ತಿಳಿಯುತ್ತದೆ ಎಂದರು ಇಂಜಿನಿಯರರು. ಅಷ್ಟು ಕಾಲ ಯಾರು ಕಾಯುತ್ತಾರೆ? "ರಿಪೇರಿಗೆ ಎರಡು ಲಕ್ಷ ತೆಗೆದಿಡ್ರಿ, ಅದು ಬೆಲೆದಾಗಿಂದ ಬ್ಯಾರೆ" ಎಂದರು. ತೆಗೆದಿಟ್ಟೆವು.

ಇನ್ನು ಜೇಬು. ಇಲ್ಲಿಯೇ ಬಹಳ ಜನ ಎಡವುತ್ತಾರೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬ್ಯಾಂಕು ಸಾಲ ಕೊಡುವುದು ನೀವು ಒಪ್ಪಿಕೊಂಡ ಬೆಲೆಯ ಮೇಲಲ್ಲ. ಒಪ್ಪಿದ ಬೆಲೆ, ಬ್ಯಾಂಕಿನ ಇಂಜಿನಿಯರರು ಕಟ್ಟಿದ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ. ಸಾಲ 30 ಲಕ್ಷ ದಾಟಿ 75 ಲಕ್ಷದ ಒಳಗಿದ್ದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೆಚ್ಚೆಂದರೆ ಶೇ 80. ಅಂದರೆ 46ಕ್ಕೆ 36 ಲಕ್ಷ 80 ಸಾವಿರ. ಮಾಮಾ 48ಕ್ಕೆ ಕೊಂಡರೂ ಅಷ್ಟೇ, 52ಕ್ಕೆ ಕೊಂಡರೂ ಅಷ್ಟೇ. 46ರ ಮೇಲಿನ ಒಂದೊಂದು ರೂಪಾಯಿಯೂ ಸ್ವಂತ ಗಂಟಿನಿಂದ ಬಿಚ್ಚಬೇಕು.

ಅದರ ಮೇಲೆ ನೋಂದಣಿ. ಕರ್ನಾಟಕದಲ್ಲಿ ಸ್ಟಾಂಪ್ ಡ್ಯೂಟಿ ಶೇ 5, ಪಟ್ಟಣದಲ್ಲಿ ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ 5.6. ನೋಂದಣಿ ಶುಲ್ಕ ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಒಟ್ಟು 7.6. ದಲ್ಲಾಳಿ ಇನ್ನೂ ಹಳೆಯ 6.6ರ ಲೆಕ್ಕವನ್ನೇ ಹೇಳುತ್ತಿದ್ದ. 50 ಲಕ್ಷದ ಮನೆಗೆ ಆ ಒಂದು ಪರ್ಸೆಂಟೇ 50 ಸಾವಿರ. ಮೇಲೆ ಅವನ ದಲಾಲಿ ಶೇ 1. ಹೀಗೆ ಬೆಲೆಯನ್ನು ಒಂದು ಲಕ್ಷ ಏರಿಸಿದರೆ ಮಾಮಾ ಅವರ ಕೈಯಿಂದ ಹೋಗುವುದು 1,08,600.

ಇದನ್ನು ಹಾಳೆಯ ಮೇಲೆ ಬರೆದು ತೋರಿಸಿದಾಗ ಮಾಮಾ ಬಹಳ ಹೊತ್ತು ಮಾತಾಡಲಿಲ್ಲ. "ಒಂದು ಲಕ್ಷ ಏರಿಸಿದರ ಕಂತು ತುಸು ಜಾಸ್ತಿ ಆಗ್ತದ, ಅಷ್ಟೇ ಅಂದಕೊಂಡಿದ್ದೆ" ಎಂದರು. ಹಾಗೆ ಅಂದುಕೊಳ್ಳುವವರೇ ಹೆಚ್ಚು. ಅಷ್ಟಕ್ಕೂ ಸಾಲ ಸಿಕ್ಕರೂ ಅದು ಅಗ್ಗವಲ್ಲ. ಶೇ 8ರ ಬಡ್ಡಿ, 20 ವರ್ಷ ಅಂದರೆ ಲಕ್ಷಕ್ಕೆ ತಿಂಗಳಿಗೆ 836 ರೂಪಾಯಿ ಕಂತು. ಕೇಳಲು ಸಣ್ಣದು. 240 ತಿಂಗಳು ಕಟ್ಟಿದರೆ ಎರಡು ಲಕ್ಷ ದಾಟುತ್ತದೆ. 36 ಲಕ್ಷ 80 ಸಾವಿರಕ್ಕೆ ಕಂತು 30,800ರ ಹತ್ತಿರ. ಅದು ಅವರ ಸಂಬಳಕ್ಕೆ ತಡೆಯುತ್ತದೆ.

ಮಾಮಾ ಅವರ ಉಳಿತಾಯ ಎಲ್ಲ ಕೂಡಿ 21 ಲಕ್ಷ 70 ಸಾವಿರ. ಅದರಲ್ಲಿ ರಿಪೇರಿಗೆ ಎರಡು ಲಕ್ಷ. ಅತ್ತೆಯವರ ಮೊಣಕಾಲಿಗೆ, ಯಾವುದೇ ಅಡ್ಡಿ ಆತಂಕಕ್ಕೆ ಅಂತ ಮುಟ್ಟಬಾರದ ಒಂದೂವರೆ ಲಕ್ಷ. ಉಳಿದದ್ದು 18 ಲಕ್ಷ 20 ಸಾವಿರ. ಸಾಲ ಕೂಡಿಸಿದರೆ 55 ಲಕ್ಷ. ಅದರಲ್ಲೇ ನೋಂದಣಿ, ದಲಾಲಿಯೂ ಆಗಬೇಕು ಅಂತ ಹಿಂದಿನಿಂದ ಲೆಕ್ಕ ಹಾಕಿದರೆ ಅವರು ಮುಟ್ಟಬಹುದಾದ ತುದಿ 50 ಲಕ್ಷ 60 ಸಾವಿರ.

ಅಂಕಿ ಸಿಕ್ಕಿತು. ಆದರೂ ನಾವು ಗಂಡಸರು ಕೂತು ಇನ್ನೊಂದು ಅಂಕಿ ಮಾಡಿಕೊಂಡೆವು. ತುದಿಗೆ ಹೋಗುವುದು ಬೇಡ, 49ಕ್ಕೆ ನಿಲ್ಲೋಣ, ಮೊದಲು 48 ಹೇಳೋಣ ಎಂದು. ಹೇಳಿದೆವು. ದಲ್ಲಾಳಿ ಮರುದಿನ ಫೋನ್ ಮಾಡಿ "ಒಂದು ಪಾರ್ಟಿಯವರು 49 ಹೇಳ್ಯಾರ, ಇನ್ನೊಬ್ಬ ಸಾವಕಾರ 50ಕ್ಕ ರೆಡಿ ಅದಾನ" ಎಂದ. ಆ ಸಾವಕಾರನನ್ನು ನಾವು ಯಾರೂ ಕೊನೆಯವರೆಗೂ ನೋಡಲಿಲ್ಲ. ಇನ್ನೊಂದು ಪಾರ್ಟಿ ನಿಜವಾಗಿಯೂ ಇತ್ತು. ಭಾನುವಾರ ನಾವು ಹೋದಾಗ ವಯಸ್ಸಾದ ಗಂಡಹೆಂಡತಿ ಒಳಗಿಂದ ಬರುತ್ತಿದ್ದರು. ಆ ತಾಯಿ ಬೇವಿನ ಕಟ್ಟೆಯ ಮೇಲೆ ಕೂತು ನೀರು ಕೇಳಿ ಕುಡಿದರು. ಅವರಿಗೂ ಆ ಮನೆ ಬೇಕಿತ್ತು. ಗಂಜಿನ ಟೆಂಡರಿಗೂ ಮನೆ ವ್ಯವಹಾರಕ್ಕೂ ಇರುವ ಫರಕು ಇದೇ. ಅಲ್ಲಿ ಯಾರ ಬೆಲೆಯೂ ಯಾರಿಗೂ ಕಾಣುವುದಿಲ್ಲ. ಇಲ್ಲಿ ಎಲ್ಲರದೂ ದಲ್ಲಾಳಿಗೆ ಗೊತ್ತು, ನಮಗೆ ಅವನು ಹೇಳಿದಷ್ಟೇ ಗೊತ್ತು. ಅವನಿಗೆ ಮನೆ ಮಾರಿದರೆ ದುಡ್ಡು, ಯಾರು ಕೊಂಡರೂ ಸರಿ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಮಾತಿನ ಮೇಲೆ ಲೆಕ್ಕ ಕಟ್ಟಬಾರದು, ಅಷ್ಟೇ.

ಮಧ್ಯೆ ಒಂದು ಮಾತು ಬಂತು. 12 ಲಕ್ಷ ನಗದು ಕೊಟ್ಟು, ಕಾಗದದಲ್ಲಿ ಕಡಿಮೆ ತೋರಿಸಿದರೆ ಮಾರುವವರು ಸ್ವಲ್ಪ ಬಿಡುತ್ತಾರಂತೆ. ಮಾಮಾ ಕ್ಷಣ ಅಲುಗಾಡಿದರು. ನಾನು ಬೇಡವೇ ಬೇಡ ಎಂದೆ. ಕಾಗದದ ಬೆಲೆ ಇಳಿದರೆ ಬ್ಯಾಂಕಿನ ಸಾಲವೂ ಇಳಿಯುತ್ತದೆ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಮತ್ತು ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಅದೂ ಅಲ್ಲದೆ, ಇಸಾರ (ಮುಂಗಡ) ಕೊಟ್ಟ ಮೇಲೆ ವ್ಯವಹಾರ ಮುರಿದರೆ ಆ ನಗದಿಗೆ ಸಾಕ್ಷಿ ಯಾರು?

ಆ ರಾತ್ರಿ 49ಕ್ಕೆ ಏರಿಸಿ ಸುಮ್ಮನಾಗೋಣ ಎಂದು ಮಾಮಾ ಮಲಗಲು ಎದ್ದರು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ನನಗ ಯಾರೂ ಕೇಳಲೇ ಇಲ್ಲ" ಎಂದಳು.

ನಿಜ. ಮನೆ ಹುಡುಕಿದವಳು ಅವಳು. ದಿನದಲ್ಲಿ ಜಾಸ್ತಿ ಹೊತ್ತು ಅಲ್ಲಿ ಇರಬೇಕಾದವಳು ಅವಳು. ಅತ್ತೆಯನ್ನು ಕೈಹಿಡಿದು ಮೆಟ್ಟಿಲು ಇಳಿಸುವವಳೂ ಅವಳೇ. ಹಾಳೆಯ ಮೇಲಿನ ಅಂಕಿಗಳನ್ನೆಲ್ಲ ನಾವಿಬ್ಬರೇ ಬರೆದಿದ್ದೆವು. ನನಗೆ ನಾಚಿಕೆಯಾಯಿತು. ಮತ್ತೆ ಕೂತೆವು, ಈ ಸಲ ಮೂವರೂ.

ಅವಳಿಗೆ ಎಷ್ಟು ಕೊಡೋಣ ಎಂದು ಕೇಳಲಿಲ್ಲ. ಬೇರೆ ಥರ ಕೇಳಿದೆ. "ಅಕ್ಕಾ, ನಾಳೆ ಮುಂಜಾನೆ ಫೋನ್ ಬರ್ತದ. ಮನಿ 49ಕ್ಕ ಅವರಿಗೆ ಹೋಯ್ತು ಅಂತಾರ. ನಿನಗ ಹೆಂಗ ಅನಿಸ್ತದ?"

"ಹೊಟ್ಟ್ಯಾಗ ಸಂಕಟ ಆಗ್ತದ. ಇನ್ನ ಐವತ್ತು ಸಾವಿರ ಯಾಕ ಕೊಡಲಿಲ್ಲ ಅಂತ ನಿಮ್ಮಿಬ್ಬರಿಗೂ ಬೈತೀನಿ."

"49 ಲಕ್ಷ 50 ಸಾವಿರಕ್ಕ ಹೋದರ?"

"ಆಗೂ ಬೈತೀನಿ."

"50ಕ್ಕ?"

ಸ್ವಲ್ಪ ತಡೆದಳು. "ಬ್ಯಾಸರ ಆಗ್ತದ. ಕೊಡಬಹುದಿತ್ತು ಅನಿಸ್ತದ."

"51?"

ಅವಳು ತನ್ನ ಕೈ ನೋಡಿಕೊಂಡಳು. ಕೈಯಲ್ಲಿ ಎರಡು ಪಾಟ್ಲಿ. ಅವ್ವ ಅವಳ ಮದುವೆಗೆ ಮಾಡಿಸಿದ್ದು. 51 ಎಂದರೆ ಗಂಟು ಸಾಲುವುದಿಲ್ಲ, ಪಾಟ್ಲಿ ಅಡವಿಡಬೇಕು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೂಲೆಯಲ್ಲಿ ಮಗಳು ಪುಸ್ತಕ ಹಿಡಿದು ನಿದ್ದೆ ಮಾಡುತ್ತಿದ್ದಳು. "ಇವು ಅದರವು" ಎಂದು ಮಗಳ ಕಡೆ ಗದ್ದ ತೋರಿಸಿದಳು. "51ಕ್ಕ ಹೋದರ ಹೋಗಲಿ. ಅಯ್ಯ, ಉಳದೀವಿ ಅನಿಸ್ತದ."

ಸಂಕಟ ಎಲ್ಲಿ ತೀರಿ ಹಗುರ ಎಲ್ಲಿ ಶುರುವಾಗುತ್ತದೋ ಅದೇ ತುದಿ. ಜೇಬಿನ ಲೆಕ್ಕ 50 ಲಕ್ಷ 60 ಸಾವಿರ ಅಂದಿತ್ತು, ಅಕ್ಕನ ಮನಸ್ಸು 50 ಮತ್ತು 51ರ ನಡುವೆ ಎಲ್ಲೋ ಅಂದಿತು. ಎರಡು ಬೇರೆ ದಾರಿಯಿಂದ ಬಂದ ಅಂಕಿ ಒಂದೇ ಕಡೆ ಕೂಡಿದ್ದು ನೋಡಿ ನನಗೆ ಧೈರ್ಯ ಬಂತು. ನಾವು ಇಟ್ಟುಕೊಂಡಿದ್ದ 49ಕ್ಕೆ ಯಾವ ಬುಡವೂ ಇರಲಿಲ್ಲ. ಅದು ಬರೀ ಅಂಜಿಕೆಯ ಅಂಕಿ.

ಮರುದಿನ ಚೂರುಚೂರೇ ಏರಿಸುವ ಆಟ ಬಿಟ್ಟೆವು. ಹಾಗೆ ಏರಿಸುತ್ತ ಹೋದರೆ ಪ್ರತಿ ಸಲವೂ "ಇನ್ನ 50 ಸಾವಿರ ಅಷ್ಟೇ" ಅನಿಸುತ್ತದೆ, ತುದಿ ದಾಟಿದ್ದೇ ಗೊತ್ತಾಗುವುದಿಲ್ಲ. ದಲ್ಲಾಳಿಯ ಮೂಲಕವೂ ಹೋಗಲಿಲ್ಲ. ಅವನನ್ನು ಜೊತೆಗೇ ಕರೆದುಕೊಂಡು ಹಿರಿಯ ಅಣ್ಣನ ಮನೆಗೆ ಹೋದೆವು. ಒಂದು ಹಾಳೆ ಕೊಟ್ಟೆವು. 50 ಲಕ್ಷ 60 ಸಾವಿರ, ಎಲ್ಲವೂ ಬ್ಯಾಂಕಿನ ಮೂಲಕ. ಎರಡು ಲಕ್ಷ ಇಸಾರ ಚೆಕ್ಕಿನಲ್ಲಿ. ಸಾಲ ಮಂಜೂರಾಗದಿದ್ದರೆ ಇಸಾರ ವಾಪಸ್ಸು. 60 ದಿನದಲ್ಲಿ ಖರೀದಿ ಪತ್ರ. 50 ಲಕ್ಷ ಮುಟ್ಟಿದ ಮೇಲೆ ಕೊಳ್ಳುವವರು ಶೇ 1 ಆದಾಯ ತೆರಿಗೆ ಮುರಿದು ಕಟ್ಟಬೇಕು, ಮಾರುವವರು ನಾಲ್ವರಾದರೂ ಒಟ್ಟು ಬೆಲೆಯ ಮೇಲೇ ಆ ಲೆಕ್ಕ, ಅದನ್ನೂ ಬರೆದಿದ್ದೆವು. ಆಮೇಲೆ ಅದರ ಮೇಲೆ ಜಗಳ ಬೇಡ ಅಂತ.

ಅಂಕಿ 50 ಲಕ್ಷ 50 ಸಾವಿರ ಅಲ್ಲದೆ 60 ಸಾವಿರ ಯಾಕೆ? ಅದು ನಮ್ಮ ಲೆಕ್ಕದ ತುದಿ, ಅದಕ್ಕೆ. ಉಪಯೋಗವೂ ಇತ್ತು. ಬೇರೆಯವರು 50 ಲಕ್ಷ 50 ಸಾವಿರಕ್ಕೆ ಬಂದು ನಿಂತರೆ ನಾವು ಹತ್ತು ಸಾವಿರ ಮುಂದಿರುತ್ತಿದ್ದೆವು.

ಅಣ್ಣ ಹಾಳೆಯನ್ನು ಎರಡು ಸಲ ಓದಿದರು. ಚಹಾ ತರಿಸಿದರು. "ಇಷ್ಟು ಚೊಕ್ಕ ಬರಕೊಂಡು ಯಾರೂ ಬಂದಿರಲಿಲ್ಲ" ಎಂದರು. "ಮತ್ತ ಏನರ ಏರಸ್ತೀರೇನ್ರಿ ಮಾಸ್ತರ?" ಎಂದು ಕೇಳಿದರು. ಮಾಮಾ ಅಕ್ಕನ ಕಡೆ ನೋಡಿದರು. ಅಕ್ಕ "ಇಲ್ರಿ ಅಣ್ಣಾರ, ಇದೇ ಕೊನಿ" ಎಂದಳು. ಅವಳ ದನಿ ನಡುಗಲಿಲ್ಲ.

ಮೂರು ದಿನ ಏನೂ ಸುದ್ದಿ ಇಲ್ಲ. ಆ ಮೂರು ದಿನದಲ್ಲಿ ಮಾಮಾ ನನಗೆ ನಾಲ್ಕು ಸಲ ಫೋನ್ ಮಾಡಿ, ಸೊಸೈಟಿಯಿಂದ ಒಂದು ಲಕ್ಷ ಎತ್ತಬಹುದಲ್ಲ, ಗೆಳೆಯನಿಂದ ಕೈಗಡ ತರಬಹುದಲ್ಲ ಎಂದು ಕೇಳಿದರು. ಹಾಳೆ ನೋಡ್ರಿ ಮಾಮಾ ಎಂದೆ, ನಾಲ್ಕೂ ಸಲ. ಬರೆದಿಟ್ಟ ಹಾಳೆ ಇಲ್ಲದಿದ್ದರೆ ನಾನೇ "ಹೋಗಲಿ, ಏರಿಸ್ರಿ" ಎಂದುಬಿಡುತ್ತಿದ್ದೆನೋ ಏನೋ. ಅವರ ಮನೆಯಲ್ಲಿ ಅತ್ತೆಯವರು ಕಿಟಕಿ ಹತ್ತಿರ ಕೂತು ಕೆಳಗಿನ ಬೀದಿ ನೋಡುವುದು ನನ್ನ ಕಣ್ಣ ಮುಂದೆಯೇ ಇತ್ತು.

ನಾಲ್ಕನೇ ದಿನ ಅಣ್ಣನೇ ಫೋನ್ ಮಾಡಿದರು. ಮನೆ 51 ಲಕ್ಷ 50 ಸಾವಿರಕ್ಕೆ ಆ ವಯಸ್ಸಾದ ಗಂಡಹೆಂಡತಿಗೆ ಹೋಯಿತು. ಮಗ ಬೆಂಗಳೂರಿನಿಂದ ಬಂದು ಇಸಾರ ಕೊಟ್ಟು ಹೋದನಂತೆ.

ಮಾಮಾ ಫೋನ್ ಇಟ್ಟು ಅಕ್ಕನಿಗೆ ಹೇಳಿದರು. ಅವಳು ರೊಟ್ಟಿ ಬಡಿಯುತ್ತಿದ್ದಳು. ಒಂದು ಗಳಿಗೆ ಕೈ ನಿಂತಿತು. "ಎಷ್ಟಕ್ಕ?" ಎಂದಳು. ಐವತ್ತೊಂದೂವರೆ ಎಂದರು. "ಹೋಗ್ಲಿ ಬಿಡ್ರಿ" ಎಂದು ಮತ್ತೆ ಬಡಿಯತೊಡಗಿದಳು. ಸಂಜೆ ನಾನು ಹೋದಾಗ ಕಣ್ಣು ಸ್ವಲ್ಪ ಕೆಂಪಾಗಿತ್ತು. ಆದರೆ ಯಾರಿಗೂ ಬೈಯಲಿಲ್ಲ.

ಆ ಹಾಳೆಯನ್ನು ಅವಳು ಬಿಸಾಡಿಲ್ಲ. ರೇಷನ್ ಕಾರ್ಡು, ಮಗಳ ಮಾರ್ಕ್ಸ್ ಕಾರ್ಡು ಇಡುವ ಟ್ರಂಕಿನಲ್ಲಿ ಇಟ್ಟಿದ್ದಾಳೆ. ಸಂಕ್ರಾಂತಿ ಆದ ಮೇಲೆ ಸೇಡಂ ರಸ್ತೆ ಕಡೆ ಇನ್ನೊಂದು ಮನೆ ನೋಡಲು ಹೋದೆವು. ಅಲ್ಲಿ ಶಹಾಬಾದ್ ಕಲ್ಲಿಲ್ಲ, ಟೈಲ್ಸ್. ದಲ್ಲಾಳಿ ಬೇರೆಯವನು. ಅವನು ಬೆಲೆ ಹೇಳಲು ಬಾಯಿ ತೆರೆಯುವ ಮುಂಚೆ ಅಕ್ಕ ಪಡುವಣ ಕೋಣೆಗೆ ಹೋಗಿ ಕಿಟಕಿಯ ಮೂಲೆಯಲ್ಲಿ ಬಗ್ಗಿ, ತಲೆಯಿಂದ ಹೇರ್‌ಪಿನ್ ತೆಗೆದಳು.